ಮೊದಲು ರೋಗಿಯ ಕಡೆ ನೋಡು, ಆಮೇಲೆ ಮಾನಿಟರ್

ಪ್ರಶ್ನೆ: ಅಕ್ಕಾ, ಬಿಎಸ್ಸಿ ನರ್ಸಿಂಗ್ ಮುಗಿಸಿ, ರಿಜಿಸ್ಟ್ರೇಷನ್ ಮಾಡಿಸಿಕೊಂಡು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ್ದೇನೆ. ವಾರ್ಡಿಗೆ ಹಾಕುತ್ತಾರೆ ಅಂದುಕೊಂಡಿದ್ದೆ, ನೇರವಾಗಿ ಐಸಿಯುಗೆ ಹಾಕಿದರು. ವೆಂಟಿಲೇಟರ್ ಅಲಾರಂ ಹೊಡೆದರೆ ಕೈಕಾಲು ನಡುಗುತ್ತೆ. ಸೀನಿಯರ್ ಹತ್ತಿರ ಕೇಳಿದರೆ "ಕಾಲೇಜಲ್ಲಿ ಏನು ಕಲಿತೆ?" ಅಂತಾರೆ. ರಾತ್ರಿ ಡಾಕ್ಟರಿಗೆ ಫೋನ್ ಮಾಡೋಕೂ ಹೆದರಿಕೆ. ಬಿಟ್ಟುಬಿಡಲಾ?
— ಹೆಸರು ಬೇಡ, ಸಿಂಧನೂರು

ಉತ್ತರ: ಈಗಲೇ ಬಿಡಬೇಡ ತಂಗಿ. ನಾನೂ ಬಳ್ಳಾರಿ ಬಿಸಿಲಲ್ಲೇ ಐಸಿಯು ಡ್ಯೂಟಿ ಮಾಡಿ ರಿಟೈರ್ ಆದವಳು. ಹೊಸಬರನ್ನು ತುಂಬಾ ಜನ ನೋಡಿದ್ದೇನೆ. ಹೊಸಬಳಿಂದ ಐಸಿಯು ಕೇಳೋದು ಒಂದೇ: ರೋಗಿಯಲ್ಲಿ ಏನೋ ಬದಲಾಯಿತು ಅಂತ ಗಮನಿಸು, ಅದನ್ನು ತಡಮಾಡದೆ ಯಾರಿಗಾದರೂ ಹೇಳು. ಯಾಕೆ ಬದಲಾಯಿತು, ಅದಕ್ಕೇನು ಮಾಡಬೇಕು ಅನ್ನೋದು ನಿಧಾನಕ್ಕೆ ಬರುತ್ತೆ. ಗಮನಿಸೋದು ಮಾತ್ರ ಇವತ್ತಿನಿಂದಲೇ ಬೇಕು.

ಅಲಾರಂ ವಿಷಯಕ್ಕೆ ಬರೋಣ. ಅದು ಹೊಡೆದ ಕೂಡಲೇ ಹೊಸಬರ ಕೈ ಹೋಗೋದು ಸೈಲೆನ್ಸ್ ಬಟನ್ನಿಗೆ, ಕಣ್ಣು ಹೋಗೋದು ಸ್ಕ್ರೀನಿಗೆ. ನೀನು ರೋಗಿಯ ಕಡೆ ನೋಡು. ಎದೆ ಎರಡೂ ಕಡೆ ಏಳುತ್ತಿದೆಯಾ, ತುಟಿಯ ಬಣ್ಣ ಹೇಗಿದೆ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಎಷ್ಟು. ಆಮೇಲೆ ರೋಗಿಯ ಬಾಯಿಂದ ಶುರುಮಾಡಿ ಮಷಿನ್‌ವರೆಗೂ ಪೈಪಿನ ಮೇಲೆ ಕೈ ಆಡಿಸಿಕೊಂಡು ಹೋಗು: ಟ್ಯೂಬ್ ಜಾರಿದೆಯಾ, ಕಫ ಕಟ್ಟಿದೆಯಾ, ರೋಗಿ ಕಚ್ಚುತ್ತಿದ್ದಾನಾ, ಎಲ್ಲಾದರೂ ಮಡಚಿದೆಯಾ, ಪೈಪಲ್ಲಿ ನೀರು ನಿಂತಿದೆಯಾ. ಹೈ ಪ್ರೆಷರ್ ಅಲಾರಂ ಅಂದ್ರೆ ಸಾಮಾನ್ಯವಾಗಿ ಎಲ್ಲೋ ಅಡ್ಡಿ, ಅಥವಾ ರೋಗಿ ಕೆಮ್ಮುತ್ತಿದ್ದಾನೆ. ಲೋ ಪ್ರೆಷರ್ ಅಂದ್ರೆ ಎಲ್ಲೋ ಬಿಚ್ಚಿಕೊಂಡಿದೆ ಅಥವಾ ಲೀಕ್. ಒಂದು ಕಡೆ ಮಾತ್ರ ಎದೆ ಏಳದೆ, ಬಿಪಿಯೂ ಇಳಿಯುತ್ತಿದ್ದರೆ ಶ್ವಾಸಕೋಶದ ಸುತ್ತ ಗಾಳಿ ತುಂಬಿರಬಹುದು. ಆಗ ಯೋಚನೆ ಮಾಡುತ್ತಾ ನಿಲ್ಲಬೇಡ, ಡಾಕ್ಟರನ್ನು ಕೂಗು. ತುಟಿಯ ಹತ್ತಿರ ಟ್ಯೂಬ್ ಎಷ್ಟು ಸೆಂಟಿಮೀಟರ್‌ಗೆ ಇದೆ ಅಂತ ಹ್ಯಾಂಡೋವರ್ ತಗೊಳ್ಳುವಾಗಲೇ ಕಣ್ಣಾರೆ ನೋಡಿ ಬರೆದಿಡು, ಹಿಂದಿನ ಶಿಫ್ಟ್‌ನವರು ಬರೆದದ್ದನ್ನೇ ಕಾಪಿ ಮಾಡಬೇಡ.

ಏನೂ ತಿಳಿಯದೆ ಸ್ಯಾಚುರೇಷನ್ ಇಳಿಯುತ್ತಲೇ ಇದ್ರೆ? ಮಷಿನ್ ಬಿಚ್ಚು, ಆಕ್ಸಿಜನ್ ಹಚ್ಚಿದ ಅಂಬು ಬ್ಯಾಗ್ ಹಾಕಿ ಕೈಯಿಂದ ಉಸಿರು ಕೊಡು, ಜೋರಾಗಿ ಕೂಗು. ಇದಕ್ಕೆ ನಾಚಿಕೆ ಬೇಡ. ಐಸಿಯು ಅನ್ನೋದು ಶುರುವಾದದ್ದೇ ಹೀಗೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿ, ಉಸಿರಾಟದ ಮಷಿನ್‌ಗಳು ಸಾಲದೇ ಹೋದಾಗ, ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ಡಾಕ್ಟರ್ ಹೇಳಿದಂತೆ ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಮೇಲೆ ಕೂತು ವಾರಗಟ್ಟಲೆ ಕೈಯಿಂದಲೇ ಬ್ಯಾಗ್ ಒತ್ತಿ ರೋಗಿಗಳನ್ನು ಉಳಿಸಿದರು. ಆದ್ದರಿಂದ ಡ್ಯೂಟಿಗೆ ಬಂದ ಕೂಡಲೇ ನಿನ್ನ ಬೆಡ್ ಪಕ್ಕ ಅಂಬು ಬ್ಯಾಗ್ ಇದೆಯಾ, ಅದು ಸರಿ ಇದೆಯಾ, ಕಫ ತೆಗೆಯೋ ಸಕ್ಷನ್ ಎಳೆಯುತ್ತಾ ನೋಡು. ಬೆಡ್ಡಿನ ಪಕ್ಕ ಇಲ್ಲದ ಅಂಬು ಬ್ಯಾಗ್ ಇದ್ದೂ ಇಲ್ಲದಂತೆ.

ಸಕ್ಷನ್ ಮಾಡೋ ಮುಂಚೆ ನೂರಕ್ಕೆ ನೂರು ಆಕ್ಸಿಜನ್ ಕೊಡು. ಒಂದು ಸಲಕ್ಕೆ 10ರಿಂದ 15 ಸೆಕೆಂಡ್ ಮೀರಬೇಡ. ಹಾರ್ಟ್ ರೇಟ್ ದಬಕ್ಕನೆ ಇಳಿದರೆ ನಿಲ್ಲಿಸು.

ಔಷಧದಲ್ಲಿ ಮಾತ್ರ ಅವಸರ ಬೇಡವೇ ಬೇಡ. ಬಿಪಿ ಏರಿಸೋ ನಾರ್‌ಅಡ್ರಿನಲಿನ್ ಎಷ್ಟು ಎಂಜಿಯನ್ನು 50 ಎಂಎಲ್‌ಗೆ ಹಾಕುತ್ತಾರೆ ಅನ್ನೋದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಅದಕ್ಕೇ "5 ಎಂಎಲ್ ಓಡ್ತಿದೆ" ಅನ್ನೋ ಮಾತಿಗೆ ಅರ್ಥ ಇಲ್ಲ, ಸಿರಿಂಜ್ ಮೇಲಿನ ಲೇಬಲ್ ಓದಲೇಬೇಕು. ಆ ಸಿರಿಂಜ್ ಖಾಲಿ ಆಗೋವರೆಗೂ ಕಾಯಬೇಡ, ಮುಂದಿನದನ್ನು ಮೊದಲೇ ತುಂಬಿಸಿಡು. ಅದೇ ಲೈನಲ್ಲಿ ಬೇರೆ ಇಂಜೆಕ್ಷನ್ ತಳ್ಳಿದರೆ ಪೈಪಲ್ಲಿದ್ದ ನಾರ್‌ಅಡ್ರಿನಲಿನ್ ಎಲ್ಲಾ ಒಮ್ಮೆಲೇ ಒಳಗೆ ಹೋಗುತ್ತೆ. ಪೊಟ್ಯಾಸಿಯಂ ಕ್ಲೋರೈಡ್ ಅಂತೂ ಯಾವತ್ತೂ, ಯಾರು ಹೇಳಿದರೂ, ನೇರ ಸಿರಿಂಜಿನಲ್ಲಿ ತಳ್ಳೋ ಔಷಧ ಅಲ್ಲ. ಹೃದಯ ನಿಂತುಹೋಗುತ್ತೆ. ಅದನ್ನು ಬೆರೆಸಿ ನಿಧಾನಕ್ಕೆ ಪಂಪಿನಲ್ಲೇ ಕೊಡಬೇಕು. ಇನ್ಸುಲಿನ್ ಪಂಪ್ ಹಾಕುವಾಗಲೂ ಪಕ್ಕದವರಿಗೆ "ಒಮ್ಮೆ ನೋಡ್ರೀ" ಅನ್ನು.

ಇನ್ನು ನಮ್ಮ ಭಾಗದ ಐಸಿಯು. ನಿನ್ನ ಪುಸ್ತಕದಲ್ಲಿ ಒಂದೆರಡು ಪುಟ ಇದ್ದದ್ದು ಇಲ್ಲಿ ದಿನದ ಕೆಲಸ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯೋ ಕಡೆ ಕ್ರಿಮಿನಾಶಕದ ಕೇಸು ಬರುತ್ತಲೇ ಇರುತ್ತವೆ. "ಎಣ್ಣಿ ಕುಡಿದಾರ" ಅಂತ ಕರೆದುಕೊಂಡು ಬಂದರೆ ಡಬ್ಬಿ ತಂದಿದ್ದೀರಾ ಅಂತ ಮೊದಲು ಕೇಳು. ಗ್ಲೌಸ್ ಹಾಕಿಕೋ, ಬಟ್ಟೆ ತೆಗೆಸಿ ಸೋಪು ನೀರಲ್ಲಿ ಮೈ, ತಲೆ ತೊಳೆಸು. ಅದು ಚರ್ಮದಿಂದಲೂ ಒಳಗೆ ಹೋಗುತ್ತೆ, ನಿನ್ನ ಚರ್ಮದಿಂದಲೂ. ಈ ವಿಷಕ್ಕೆ ಕೊಡೋ ಅಟ್ರೋಪಿನ್ ಸಾಕಾಯಿತಾ ಅಂತ ಕಣ್ಣಿನ ಪಾಪೆ ಒಂದನ್ನೇ ನೋಡಿ ಹೇಳಬೇಡ. ಎದೆಗೆ ಸ್ಟೆತ್ ಇಟ್ಟು ಗೊರಗೊರ ನಿಂತಿದೆಯಾ ಕೇಳು, ಜೊತೆಗೆ ನಾಡಿ, ಬಿಪಿ, ಬೆವರು ನೋಡು. ಜಾಸ್ತಿಯಾದರೆ ಮೈ ಸುಡುತ್ತೆ, ರೋಗಿ ಬಡಬಡಿಸುತ್ತಾನೆ, ಹೊಟ್ಟೆಯ ಸದ್ದು ನಿಲ್ಲುತ್ತೆ. ಏಪ್ರಿಲ್, ಮೇನಲ್ಲಿ ಇದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿ ಸುಮ್ನೆ ಇರಬೇಡ.

ಇದೊಂದು ಚೆನ್ನಾಗಿ ನೆನಪಿಟ್ಟುಕೋ. ವಿಷ ಕುಡಿದು ಒಂದರಿಂದ ನಾಲ್ಕು ದಿನದೊಳಗೆ, ರೋಗಿ ಮಾತಾಡುತ್ತಿದ್ದಾನೆ, ಮನೆಯವರು "ವಾರ್ಡಿಗೆ ಹಾಕ್ತೀರಾ ಸಿಸ್ಟರ್" ಅಂತ ಕೇಳುತ್ತಿದ್ದಾರೆ ಅನ್ನೋ ಹೊತ್ತಿಗೇ ಕತ್ತಿನ ಮತ್ತು ಉಸಿರಾಟದ ಸ್ನಾಯು ಸೋಲಬಹುದು. ಆ ದಿನಗಳಲ್ಲಿ ಆಗಾಗ "ದಿಂಬಿನಿಂದ ತಲೆ ಎತ್ತಿ ನೋಡೋಣ" ಅನ್ನು. ಬೆಳಿಗ್ಗೆ ಎತ್ತಿದವನು ಸಂಜೆ ಎತ್ತದಿದ್ದರೆ ಆ ಕ್ಷಣವೇ ಡಾಕ್ಟರಿಗೆ ಹೇಳು. ಇದಕ್ಕೆ ಮಷಿನ್ ಬೇಡ, ಪಕ್ಕದಲ್ಲಿ ನಿಂತು ಕೇಳೋಳು ಬೇಕು. ಹಾಗೇ, ಇಂಥವರಿಗೆ "ಯಾಕೆ ಹಿಂಗೆ ಮಾಡಿಕೊಂಡೆ" ಅಂತ ಬೈಯೋ ಸಿಸ್ಟರ್‌ಗಳಿದ್ದಾರೆ, ನೀನು ಅವರ ಸಾಲಿಗೆ ಸೇರಬೇಡ.

ಹಾವಿನ ಕೇಸಲ್ಲಿ ಕಣ್ಣಿನ ರೆಪ್ಪೆ ನೋಡು. ಕಟ್ಟುಹಾವು, ನಾಗರಹಾವು ಕಚ್ಚಿದರೆ ರೆಪ್ಪೆ ಜೋಲುತ್ತೆ, ಆಮೇಲೆ ನುಂಗೋಕೆ ಆಗೋದಿಲ್ಲ, ಆಮೇಲೆ ಉಸಿರು. ಆ್ಯಂಟಿವೆನಮ್ ಶುರು ಮಾಡುವಾಗ ಅಡ್ರಿನಲಿನ್ ಪಕ್ಕದಲ್ಲೇ ತಯಾರಿರಲಿ, ತುರಿಕೆ, ದದ್ದು ಕಂಡರೆ ನಿಲ್ಲಿಸಿ ಡಾಕ್ಟರನ್ನು ಕರೆ. ರೆಪ್ಪೆಯನ್ನೂ ಎತ್ತಲಾರದೆ ಮಲಗಿದವರಿಗೆ ಎಲ್ಲವೂ ಕೇಳಿಸುತ್ತಿರಬಹುದು. ಅವರ ತಲೆ ಮೇಲೆ "ಇದು ಉಳಿಯೋ ಕೇಸ್ ಅಲ್ಲ ಬಿಡು" ಅನ್ನೋ ಮಾತು ಬೇಡ.

ಡಾಕ್ಟರಿಗೆ ಫೋನ್. "ಸರ್, ಪೇಷಂಟ್ ಸರಿ ಇಲ್ಲ" ಅಂದ್ರೆ ಬೈತಾರೆ, ನಿದ್ದೆಗಣ್ಣಲ್ಲಿ ಅವರಿಗೇನು ತಿಳಿಯಬೇಕು? ಹೀಗೆ ಹೇಳು: "ಸರ್, ನಾಲ್ಕನೇ ಬೆಡ್, ನ್ಯುಮೋನಿಯಾ. ಒಂದು ಗಂಟೆಯಲ್ಲಿ ಎಂಎಪಿ (ಸರಾಸರಿ ಬಿಪಿ) 72ರಿಂದ 58ಕ್ಕೆ ಇಳಿದಿದೆ. ಎರಡು ಗಂಟೆಯಲ್ಲಿ ಯೂರಿನ್ 20 ಎಂಎಲ್ ಅಷ್ಟೇ. ನಾರ್‌ಅಡ್ರಿನಲಿನ್ ಓಡ್ತಿದೆ. ಬಂದು ನೋಡಬೇಕು ಸರ್." ಫೋನ್ ಮಾಡೋ ಮುಂಚೆ ಇದನ್ನು ಚೀಟಿಯಲ್ಲಿ ಬರೆದುಕೋ, ಕೇಸ್ ಶೀಟ್ ಕೈಯಲ್ಲಿರಲಿ. ಅವರು ಹೇಳಿದ ಡೋಸನ್ನು ತಿರುಗಿ ಓದಿ ಹೇಳು, ಟೈಮ್ ಹಾಕಿ ಬರೆ. ಬರದಿದ್ದರೆ ಮತ್ತೆ ಮಾಡು, ಇನ್‌ಚಾರ್ಜ್‌ಗೂ ತಿಳಿಸು. ಬೈಸಿಕೊಂಡದ್ದು ಚಹಾ ಕುಡಿಯೋ ಹೊತ್ತಿಗೆ ಮರೆತುಹೋಗುತ್ತೆ.

ನಿನ್ನ ಸೀನಿಯರ್ "ಕಾಲೇಜಲ್ಲಿ ಏನು ಕಲಿತೆ" ಅನ್ನೋದು ಉತ್ತರ ಅಲ್ಲ, ಅವರಿಗೂ ಕೆಲಸದ ಹೊರೆ. ಹ್ಯಾಂಡೋವರ್ ಗದ್ದಲದಲ್ಲಿ ಕೇಳಬೇಡ, ಸಮಾಧಾನದಿಂದ ಹೇಳಿಕೊಡೋರು ಒಬ್ಬರಾದರೂ ಇರುತ್ತಾರೆ, ಅವರ ಬೆನ್ನು ಹತ್ತು. ಆದರೆ ಇದನ್ನೂ ಹೇಳಬೇಕು. ವೆಂಟಿಲೇಟರ್ ರೋಗಿಗೆ ಒಬ್ಬ ನರ್ಸ್ ಅನ್ನೋದು ಒಪ್ಪಿದ ಲೆಕ್ಕ. ಹೊಸಬಳಿಗೆ ಒಬ್ಬಳಿಗೇ ಇಬ್ಬರು ಮೂವರನ್ನು ಕೊಟ್ಟರೆ ಅದು ನಿನ್ನ ದಡ್ಡತನ ಅಲ್ಲ, ಅವರ ಜಿಪುಣತನ. "ಈ ಶಿಫ್ಟಲ್ಲಿ ನನ್ನ ಜೊತೆ ಯಾರಿದ್ದಾರೆ ಸಿಸ್ಟರ್?" ಅಂತ ಇನ್‌ಚಾರ್ಜ್‌ಗೆ ಎಲ್ಲರ ಮುಂದೆ ಕೇಳು. ಯಾರೂ ಇಲ್ಲ ಅನ್ನೋ ಉತ್ತರವೇ ತಿಂಗಳುಗಟ್ಟಲೆ ಬಂದರೆ ಆಗ ಆಸ್ಪತ್ರೆ ಬದಲಿಸು, ಕೆಲಸ ಬಿಡಬೇಡ.

ಪ್ರಶ್ನೆ: ಮೇಡಂ, ಮಗಳು ಐಸಿಯು ನೈಟ್ ಡ್ಯೂಟಿ ಮುಗಿಸಿ ಬಂದರೆ ಮಾತೇ ಆಡೋದಿಲ್ಲ, ಊಟ ಬೇಡ ಅಂತಾಳೆ. ನೆಂಟರು "ಮದುವೆ ಮಾಡಿಬಿಡ್ರಿ" ಅಂತಾರೆ.
— ಒಬ್ಬ ತಾಯಿ, ಗಂಗಾವತಿ

ಉತ್ತರ: ನೆಂಟರ ಮಾತು ಪಕ್ಕಕ್ಕಿಡಿ ಅಮ್ಮಾ. ರಾತ್ರಿ ಯಾರಾದರೂ ತೀರಿಕೊಂಡಿದ್ದರೆ ಬೆಳಿಗ್ಗೆ ಮಾತು ಬರೋದಿಲ್ಲ, "ಏನಾಯ್ತು" ಅಂತ ಕೆದಕಬೇಡಿ. ಸ್ವಲ್ಪ ಮಜ್ಜಿಗೆ ಅನ್ನವೋ, ರೊಟ್ಟಿಯೋ ಕೊಟ್ಟು ಮಲಗಲು ಬಿಡಿ. ನಮ್ಮ ಕಡೆ ಹಗಲಲ್ಲಿ ನಿದ್ದೆ ಮಾಡೋದೇ ಕಷ್ಟ, ಕಿಟಕಿಗೆ ದಪ್ಪ ಪರದೆ, ಕೂಲರ್ ಇರಲಿ, ಅವಳ ಫೋನ್ ನಿಮ್ಮ ಹತ್ತಿರ ಇರಲಿ. ನೈಟ್ ಮುಗಿಸಿ ತೂಕಡಿಸುತ್ತಾ ಸ್ಕೂಟಿಯಲ್ಲಿ ಬರುತ್ತಿದ್ದರೆ ಅದನ್ನು ಮಾತ್ರ ತಪ್ಪಿಸಿ, ಯಾರಾದರೂ ಕರೆತರಲಿ. ವಾರಗಳು ಕಳೆದರೂ ನಿದ್ದೆ ಇಲ್ಲ, ಅಳು ನಿಲ್ಲೋದಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ಹುಡುಗ. ಐಸಿಯುನಲ್ಲೇ ಮುಂದುವರಿಯೋ ಆಸೆ. ಏನು ಓದಲಿ?
— ಲಿಂಗಸುಗೂರು

ಉತ್ತರ: ಐಸಿಯುನಲ್ಲಿ ಬ್ರದರ್‌ಗಳು ಬೇಕೇ ಬೇಕು ತಮ್ಮಾ, ಚಿಂತೆ ಬೇಡ. ಮೊದಲು ಹೃದಯ, ಉಸಿರು ನಿಂತಾಗ ಏನು ಮಾಡಬೇಕು ಅಂತ ಕಲಿಸೋ ಬಿಎಲ್‌ಎಸ್, ಎಸಿಎಲ್‌ಎಸ್ ತರಬೇತಿ ಮುಗಿಸು. ಜಿಎನ್‌ಎಂ ಆದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ಒಂದು ವರ್ಷದ ಕ್ರಿಟಿಕಲ್ ಕೇರ್ ಡಿಪ್ಲೊಮಾನೂ ಇದೆ. ಬಿಎಸ್ಸಿ ಆದಮೇಲೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಅನ್ನೋ ಎರಡು ವರ್ಷದ ಎಂಎಸ್ಸಿ ಮಾಡಬಹುದು. ಸರ್ಕಾರಿ ಹುದ್ದೆ ಕಣ್ಣಲ್ಲಿದ್ದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371 ಜೆ ಪ್ರಮಾಣಪತ್ರವನ್ನು ಎಸಿ (ಸಹಾಯಕ ಆಯುಕ್ತರ) ಆಫೀಸಿನಿಂದ ಈಗಲೇ ಮಾಡಿಸಿಟ್ಟುಕೋ, ಅರ್ಜಿ ಕರೆದ ವಾರ ಅಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಯಾವ ಕಾಲೇಜಿಗೆ ದುಡ್ಡು ಕಟ್ಟೋ ಮುಂಚೆಯೂ ಅದಕ್ಕೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ನೋಡು.