ಕೈಯಲ್ಲಿ ಬಿಗಿ ಇಲ್ಲದವರಿಗೆ: ಮುಚ್ಚಳ, ಚಮಚ, ನಲ್ಲಿ, ಬೀಗ

ವಯಸ್ಸಿನಿಂದಲೋ ಗಂಟುನೋವಿನಿಂದಲೋ ಕೈ ಸೋತವರು ಮನೆಯ ವಸ್ತುಗಳನ್ನು ಬಳಸುವುದು ಹೇಗೆ ಎಂದು ಈ ಸಲ ಹಲವರು ಬರೆದಿದ್ದಾರೆ. ಎಲ್ಲರಿಗೂ ಮೊದಲು ಹೇಳಬೇಕಾದ ಮಾತೊಂದಿದೆ. ಹೊಸ ಉಪಕರಣ ಕೊಳ್ಳುವ ಮುಂಚೆ ಆ ವಸ್ತು ಅಷ್ಟು ಬಿಗಿಯಾಗಿರುವುದೇಕೆ ಎಂದು ನೋಡಿ. ಮಲೆನಾಡಿನ ಮಳೆಗಾಲಕ್ಕೆ ತುಕ್ಕು ಹಿಡಿದ, ಉಬ್ಬಿದ, ಅಂಟಿಕೊಂಡ ವಸ್ತುವಿನ ಎದುರು ಗಟ್ಟಿಮುಟ್ಟಾದ ಕೈಯೂ ಸೋಲುತ್ತದೆ.

ಪ್ರಶ್ನೆ: ಅಮ್ಮನಿಗೆ 70 ವರ್ಷ, ಬೆರಳಿನ ಗಂಟುಗಳು ಊದಿವೆ. ಜಾಮ್, ಜೇನು, ಉಪ್ಪಿನಕಾಯಿ ಬಾಟಲಿಗಳ ಮುಚ್ಚಳ ತೆಗೆಯಲು ಆಗುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ ಓಪನರ್ ಜಾರುತ್ತದೆ. ಏನು ಮಾಡಲಿ? (ಹೊಸನಗರ)

ಉತ್ತರ: ನೀವು ಹೆಸರಿಸಿದ ಮೂರು ಬಾಟಲಿಗಳೂ ಬೇರೆ ಬೇರೆ ಕಾರಣಕ್ಕೆ ಕಚ್ಚಿಕೊಳ್ಳುತ್ತವೆ. ಜಾಮನ್ನು ಬಿಸಿಯಿರುವಾಗಲೇ ತುಂಬಿ ಮುಚ್ಚಿರುತ್ತಾರೆ. ಆರಿದ ಮೇಲೆ ಒಳಗಿನ ಒತ್ತಡ ಇಳಿದು, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಇದನ್ನು ತಿರುಚಿ ಗೆಲ್ಲಲು ಹೋಗಬೇಡಿ. ಚಮಚದ ತುದಿಯನ್ನು ಮುಚ್ಚಳದ ಅಂಚಿನಡಿ ಕೊಟ್ಟು ಹೊರಮುಖವಾಗಿ ಮೀಟಿ. ‘ಟಪ್’ ಎಂದು ಸದ್ದಾದರೆ ಗಾಳಿ ಒಳಹೊಕ್ಕಿತು, ಆಮೇಲೆ ಮುಚ್ಚಳ ಹಗುರವಾಗಿ ತಿರುಗುತ್ತದೆ. ಚಾಕು ಮಾತ್ರ ಬೇಡ, ಜಾರಿದರೆ ನೇರ ಅಂಗೈಗೆ.

ಜೇನಿನ ಬಾಟಲಿಯಲ್ಲಿ ಮರೆಯ (ತಿರುಪಿನ ಗೆರೆಗಳ) ಸಂದಿಗೆ ಇಳಿದ ಜೇನು ಗಟ್ಟಿಯಾಗಿ ಅಂಟಿನಂತೆ ಕೂರುತ್ತದೆ. ಬಾಟಲಿಯನ್ನು ತಲೆಕೆಳಗು ಮಾಡಿ, ಮುಚ್ಚಳವಷ್ಟೇ ಮುಳುಗುವಂತೆ ಬಿಸಿನೀರಿನಲ್ಲಿ ಎರಡು ನಿಮಿಷ ಇಡಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಗಾಜಿಗೆ ಹೀಗೆ ಮಾಡಿದರೆ ಸೀಳಬಹುದು. ಇನ್ನು ಉಪ್ಪಿನಕಾಯಿ. ಉಪ್ಪು, ಹುಳಿ ಸೇರಿ ತಗಡಿನ ಮುಚ್ಚಳಕ್ಕೆ ತುಕ್ಕು ಹಿಡಿಸುತ್ತವೆ, ಇದಕ್ಕೆ ಯಾವ ಓಪನರೂ ಶಾಶ್ವತ ಪರಿಹಾರವಲ್ಲ. ಅಪ್ಪೆಮಿಡಿಯನ್ನು ಪಿಂಗಾಣಿ ಭರಣಿಯಲ್ಲೇ ಬಟ್ಟೆ ಕಟ್ಟಿಡಿ. ವಾರಕ್ಕಾಗುವಷ್ಟನ್ನು ಮಾತ್ರ, ಒತ್ತಿ ಮುಚ್ಚುವ ಸಡಿಲ ಮುಚ್ಚಳದ ಚಿಕ್ಕ ಗಾಜಿನ ಡಬ್ಬಿಗೆ ತೆಗೆದುಕೊಡಿ. ಅಮ್ಮ ದಿನಾ ಮುಟ್ಟುವುದು ಆ ಡಬ್ಬಿಯನ್ನು ತಾನೇ.

ಓಪನರ್ ಜಾರುವುದು ಹೆಚ್ಚಾಗಿ ಎಣ್ಣೆಯಿಂದ. ಮುಚ್ಚಳವನ್ನೂ ಓಪನರನ್ನೂ ಸೋಪು ಹಾಕಿ ತೊಳೆದು ಒರೆಸಿ ನೋಡಿ. ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬಿನ ತುಂಡು ತಂದು, ಉದ್ದಕ್ಕೆ ಸೀಳಿ, ಮುಚ್ಚಳದ ಸುತ್ತ ಸುತ್ತಿ ತಿರುಗಿಸಿದರೂ ಹಿಡಿತ ಸಿಗುತ್ತದೆ. ಎಣ್ಣೆ ತಾಗಿ ತಾಗಿ ರಬ್ಬರು ಮೆತ್ತಗಾದಾಗ ಬದಲಿಸಿ. ಆದರೆ ನಮ್ಮ ಮೊದಲ ಆಯ್ಕೆ ಅಡುಗೆಮನೆಯ ಹಲಗೆಯಡಿ ಸ್ಕ್ರೂ ಹಾಕಿ ಕೂರಿಸುವ, ಒಳಗೆ ಹಲ್ಲುಗಳಿರುವ ‘ವಿ’ ಆಕಾರದ ಓಪನರ್. ಅದು ಮುಚ್ಚಳವನ್ನು ಕಚ್ಚಿ ಹಿಡಿಯುತ್ತದೆ, ಬಾಟಲಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ತಿರುಗಿಸಿದರಾಯಿತು. ಕೆಲಸ ಬೆರಳಿನಿಂದ ತೋಳಿಗೆ ದಾಟುತ್ತದೆ. ಗಟ್ಟಿ ಮರದ ಹಲಗೆಗೇ ಹಾಕಿಸಿ, ಸ್ಕ್ರೂ ಸ್ಟೀಲಿನದೋ ಹಿತ್ತಾಳೆಯದೋ ಇರಲಿ. ಪಾರ್ಟಿಕಲ್ ಬೋರ್ಡು ಥಂಡಿಗೆ ಉಬ್ಬಿ ಸ್ಕ್ರೂವನ್ನು ಬಿಟ್ಟುಕೊಡುತ್ತದೆ.

ಪ್ರಶ್ನೆ: ಪಾರ್ಶ್ವವಾಯುವಾದ ಮೇಲೆ ಅಪ್ಪನ ಬಲಗೈ ಅರ್ಧ ಮಾತ್ರ ಮುಚ್ಚುತ್ತದೆ. ಚಮಚ ಬೀಳಿಸುತ್ತಾರೆ. ಇನ್ನೊಬ್ಬರು ತಿನ್ನಿಸುವುದು ಅವರಿಗೆ ಇಷ್ಟವಿಲ್ಲ. (ತೀರ್ಥಹಳ್ಳಿ)

ಉತ್ತರ: ತಾವೇ ಉಣ್ಣಬೇಕೆಂಬ ಅವರ ಹಟ ಒಳ್ಳೆಯದು, ಅದನ್ನು ಉಳಿಸಿ. ತೆಳ್ಳಗಿನ ಹಿಡಿ ಹಿಡಿಯಲು ಬೆರಳು ಪೂರ್ತಿ ಮಡಚಬೇಕು, ದಪ್ಪ ಹಿಡಿಗೆ ಅರ್ಧ ಮಡಚಿದರೂ ಸಾಕು. ಅಮೆರಿಕದ ಸ್ಯಾಮ್ ಫಾರ್ಬರ್ ಎಂಬುವರು, ಸಂಧಿವಾತವಿದ್ದ ಹೆಂಡತಿ ಸಿಪ್ಪೆ ಹೆರೆಯಲು ಪಡುತ್ತಿದ್ದ ಪಾಡು ಕಂಡು, 1990ರಲ್ಲಿ ದಪ್ಪ ರಬ್ಬರ್ ಹಿಡಿಯ ಅಡುಗೆ ಸಾಮಾನುಗಳನ್ನು ಮಾರುಕಟ್ಟೆಗೆ ತಂದದ್ದು ಇದೇ ಲೆಕ್ಕದ ಮೇಲೆ.

ಮನೆಯಲ್ಲೇ ಹೀಗೆ ಮಾಡಿ. ಏಸಿ ರಿಪೇರಿಯವರು ತಾಮ್ರದ ಪೈಪಿಗೆ ಹೊದಿಸುವ ಕಪ್ಪು ಫೋಮ್ ಕೊಳವೆ ಕೇಳಿ ತನ್ನಿ. ಒಳವ್ಯಾಸ 12 ಮಿ.ಮೀ., ಗೋಡೆ 9 ಮಿ.ಮೀ. ದಪ್ಪದ್ದಾದರೆ ಒಟ್ಟು ಹಿಡಿ 3 ಸೆಂ.ಮೀ. ಆಗುತ್ತದೆ. ಇದಕ್ಕಿಂತ ಬಹಳ ದಪ್ಪವಾದರೂ ಹಿಡಿತ ತಪ್ಪುತ್ತದೆ. 10 ಸೆಂ.ಮೀ. ಕತ್ತರಿಸಿಕೊಳ್ಳಿ. ಚಮಚದ ಹಿಡಿ ಚಪ್ಪಟೆಯಾದ್ದರಿಂದ ಕೊಳವೆಯೊಳಗೆ ಸುಮ್ಮನೆ ತಿರುಗುತ್ತದೆ, ಬಹಳ ಮಂದಿ ಇಲ್ಲೇ ಕೈಬಿಡುತ್ತಾರೆ. ಮೊದಲು ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಸೋಪುನೀರು ಸವರಿ ಒಳಗೆ ತೂರಿಸಿ. ವಾರಕ್ಕೊಮ್ಮೆ ಬಿಚ್ಚಿ ತೊಳೆದು ಪೂರ್ತಿ ಒಣಗಿಸದಿದ್ದರೆ ಆಷಾಢದಲ್ಲಿ ಒಳಗೆ ಬೂಷ್ಟು ಹಿಡಿಯುತ್ತದೆ.

ಅದೂ ಜಾರಿದರೆ ಅಂಗೈ ಪಟ್ಟಿ ಹೊಲಿಸಿ. ಅಂಗೈ ಸುತ್ತಳತೆಗಿಂತ 5 ಸೆಂ.ಮೀ. ಉದ್ದದ, 2.5 ಸೆಂ.ಮೀ. ಅಗಲದ ದಪ್ಪ ಹತ್ತಿ ಪಟ್ಟಿ, ತುದಿಗಳಿಗೆ ವೆಲ್ಕ್ರೋ, ಅಂಗೈ ಬದಿಗೆ ಚಮಚದ ಹಿಡಿ ಬಿಗಿಯಾಗಿ ಕೂರುವ ಜೇಬು. ವೆಲ್ಕ್ರೋ ಕೈಯ ಹಿಂಬದಿಗೆ ಬರಲಿ. ಕೈಗೆ ಸ್ಪರ್ಶ ಕಡಿಮೆಯಿದ್ದರೆ ಪಟ್ಟಿ ಒತ್ತಿದ್ದು ಅವರಿಗೆ ತಿಳಿಯುವುದಿಲ್ಲ, ಮೊದಮೊದಲು 15 ನಿಮಿಷಕ್ಕೇ ಬಿಚ್ಚಿ ಚರ್ಮ ಕೆಂಪಾಗಿದೆಯೇ ನೋಡಿ. ತಟ್ಟೆಗೆ ಎತ್ತರದ ನೇರ ಅಂಚಿರಲಿ, ಅಡಿಗೆ ಒದ್ದೆ ಬಟ್ಟೆ ಹಾಸಿ. ಸಾರು, ಗಂಜಿಗೆ ಮಾತ್ರ ಚಮಚ ಕೊಟ್ಟು, ಮೆತ್ತಗೆ ಕಲಸಿದ ಅನ್ನವನ್ನು ಕೈಯಲ್ಲೇ ಉಣ್ಣಲು ಬಿಡಿ. ಸ್ಪರ್ಶ ಚೆನ್ನಾಗಿದ್ದರೆ ಅದೇ ಸಲೀಸು, ಬೆರಳಿಗೂ ವ್ಯಾಯಾಮ.

ಪ್ರಶ್ನೆ: ಕೈಯ ಬಲ ಎಷ್ಟು ಇಳಿದರೆ ವೈದ್ಯರಿಗೆ ತೋರಿಸಬೇಕು? (ಶಿಕಾರಿಪುರ)

ಉತ್ತರ: ಹಿಡಿಯ ಬಲವನ್ನು ಡೈನಮೋಮೀಟರ್ ಎಂಬ ಸಾಧನದಲ್ಲಿ ಅಳೆಯುತ್ತಾರೆ. ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ಗೊತ್ತುಮಾಡಿದಂತೆ ಗಂಡಸರಲ್ಲಿ 28 ಕಿಲೋಗಿಂತ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಾದರೆ ಬಲಹೀನ ಎಂದರ್ಥ. ಅಳತೆಗೆ ಕಾಯದೆ ತೋರಿಸಬೇಕಾದ ಲಕ್ಷಣಗಳೂ ಇವೆ: ಬೆಳಗ್ಗೆ ಗಂಟೆಗಟ್ಟಲೆ ಬೆರಳು ಮರಗಟ್ಟುವುದು, ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು. ಒಂದು ಕೈ ಏಕಾಏಕಿ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಮನೆಮದ್ದು ಬೇಡವೇ ಬೇಡ, ತಕ್ಷಣ 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು.

ಪ್ರಶ್ನೆ: ಬಚ್ಚಲುಮನೆಯ ನಲ್ಲಿ ತಿರುಗಿಸಲು ಅತ್ತೆಗೆ ಕಷ್ಟವೆಂದು ಉದ್ದ ಹಿಡಿಯ ನಲ್ಲಿ ಹಾಕಿಸಿದೆವು. ಆರೇ ತಿಂಗಳಿಗೆ ತೊಟ್ಟಿಕ್ಕುತ್ತಿದೆ. ನಮ್ಮದು ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು. (ಸಾಗರ)

ಉತ್ತರ: ನಲ್ಲಿಯ ಆಯ್ಕೆ ಸರಿಯಾಗಿದೆ. ಗುಂಡು ಹಿಡಿಯ ನಲ್ಲಿಯಲ್ಲಿ ಕೈ ಬೀಳುವುದು ನಡುವಿನಿಂದ ಸುಮಾರು 2.5 ಸೆಂ.ಮೀ. ದೂರದಲ್ಲಿ, 10 ಸೆಂ.ಮೀ. ಹಿಡಿಯಾದರೆ ಕಾಲುಭಾಗ ಬಲ ಸಾಕು, ಮುಂಗೈಯಿಂದಲೂ ತಳ್ಳಬಹುದು. ಕೆಡಿಸಿದ್ದು ಮರಳು. ಕಾಲು ಸುತ್ತಿಗೇ ತೆರೆಯುವ ಇಂಥ ನಲ್ಲಿಯೊಳಗೆ ಸೆರಾಮಿಕ್ ಬಿಲ್ಲೆಗಳೆರಡು ಒಂದರ ಮೇಲೊಂದು ಜಾರುತ್ತವೆ. ಅಬ್ಬಿ ನೀರಿನ ಸಣ್ಣ ಮರಳು ನಡುವೆ ಸಿಕ್ಕಿ ಗೀರಿದರೆ ನೀರು ಸೋರುತ್ತದೆ. ಈ ಬಿಲ್ಲೆಗಳಿರುವ ಒಳಗಿನ ಕಾರ್ಟ್ರಿಜ್ ಬದಲಿಸಿದರೆ ಸಾಕು, ಇಡೀ ನಲ್ಲಿ ಕೊಳ್ಳಬೇಡಿ. ಹಳೆಯದನ್ನೇ ಅಂಗಡಿಗೆ ಒಯ್ದು ಅಳತೆ, ಹಲ್ಲು ಹೊಂದಿಸಿ ತನ್ನಿ.

ಜೊತೆಗೆ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಜಾಲರಿ ಇರುವ ‘ವೈ’ ಆಕಾರದ ಸ್ಟ್ರೈನರ್ ಹಾಕಿಸಿ, ಮೇಲಿನ ಬಾಣದ ಗುರುತು ನೀರು ಹರಿಯುವ ಕಡೆಗಿರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಜಾಲರಿ ತೊಳೆಯಿರಿ. ನಲ್ಲಿ ಮತ್ತೆ ಕೂರಿಸುವಾಗ ಮರೆಯ ತುದಿಯನ್ನು ನಿಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿಗೆ ಟೆಫ್ಲಾನ್ ಟೇಪನ್ನು ಎಂಟು ಹತ್ತು ಸುತ್ತು ಸುತ್ತಿ. ತಿರುಗುಮುರುಗಾದರೆ ಕೂರಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ಬರಿ ಪ್ಲಾಸ್ಟಿಕ್ ಎಲ್ಬೋ (ನಲ್ಲಿ ಕೂರುವ ಮೂಲೆಯ ಜೋಡಣೆ) ಬಿಗಿದರೆ ಸೀಳುತ್ತದೆ, ಒಳಗೆ ಹಿತ್ತಾಳೆ ಮರೆ ಇರುವುದನ್ನೇ ಕೇಳಿ.

ಪ್ರಶ್ನೆ: ಬೀಗದ ಕೀಲಿಕೈ ತಿರುಗಿಸಲು ಆಗುತ್ತಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟರೂ ಚಳಿಗಾಲದಲ್ಲಿ ಮತ್ತಷ್ಟು ಬಿಗಿ. (ಕೊಪ್ಪ)

ಉತ್ತರ: ಎಣ್ಣೆಯೇ ಕಾರಣ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಿಮ್ಮಲ್ಲಿ ಮಾಗಿಯ ಬೆಳಗು ಅದಕ್ಕಿಂತ ತಣ್ಣಗಿರುತ್ತದೆ. ಹಳೆಯ ಎಣ್ಣೆ ದೂಳು ಹಿಡಿದು ಜಿಗುಟೂ ಆಗಿರುತ್ತದೆ. ಬೀಗವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಒಣಗಿಸಿ, ಪೆನ್ಸಿಲ್ ಸೀಸದ ನುಣ್ಣನೆ ಪುಡಿಯನ್ನು ಕೀಲಿಕೈಗೆ ಸವರಿ ನಾಲ್ಕಾರು ಸಲ ಒಳಹೊರಗೆ ಆಡಿಸಿ. ಬೀಗ ಸಲೀಸಾದ ಮೇಲೆ ಕೀಲಿಕೈ ತಲೆಯನ್ನು 8 ಸೆಂ.ಮೀ. ಉದ್ದದ ಎರಡು ಮರದ ಪಟ್ಟಿಗಳ ನಡುವೆ ಇಟ್ಟು, ಎರಡು ಸಣ್ಣ ಬೋಲ್ಟ್ ಹಾಕಿ ಬಿಗಿಯಿರಿ. ಒಂದು ಬೋಲ್ಟ್ ಕೀಲಿಕೈಯ ತೂತಿನಲ್ಲೇ ಹಾಯಬೇಕು, ಇಲ್ಲದಿದ್ದರೆ ಹೊರಗೆ ಜಾರುತ್ತದೆ. ಬೀಗ ಬಿಗಿಯಿರುವಾಗಲೇ ಇಂಥ ಉದ್ದ ಹಿಡಿ ಹಾಕಿ ತಿರುಚಿದರೆ ಕೀಲಿಕೈ ಒಳಗೇ ಮುರಿಯುತ್ತದೆ.