ಮಂತ್ರಿಯಾಗದ ಪಾದ್ರಿ: ಲೇಖಕರಿಗೆ ಒಂದು ಉತ್ತರ

ನಮಸ್ಕಾರ,

ಜೆಕ್ ಪಾದ್ರಿ ಸ್ವಾತೊಪ್ಲುಕ್ ಕರಾಸೆಕ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ.

ಮೊದಲು ದೊಡ್ಡ ಎಡವಟ್ಟು. ಕರಾಸೆಕ್ ಮಂತ್ರಿಯಾಗಿದ್ದರು ಅಂತ ಬರೆದಿದ್ದೀರಿ. ಆಗಿರಲೇ ಇಲ್ಲ! 2002ರಲ್ಲಿ ಸಂಸತ್ತಿಗೆ ಆರಿಸಿ ಬಂದರು. 2004ರಿಂದ 2006ರವರೆಗೆ ಸರ್ಕಾರದ ಮಾನವ ಹಕ್ಕುಗಳ ಕಮಿಷನರ್ ಆಗಿದ್ದರು. ಅಷ್ಟೇ. ಇಂಗ್ಲಿಷಿನಲ್ಲಿ ಮಿನಿಸ್ಟರ್ ಅಂದರೆ ಪಾದ್ರಿಯೂ ಹೌದು, ಮಂತ್ರಿಯೂ ಹೌದು. ನೀವು ಆ ಪದ ನಂಬಿಕೊಂಡು, ಸ್ವಿಟ್ಜರ್ಲೆಂಡಿನಲ್ಲಿ ಚರ್ಚು ನೋಡಿಕೊಳ್ಳುತ್ತಿದ್ದವರನ್ನು ಅಲ್ಲೇ ಮಂತ್ರಿ ಮಾಡಿಬಿಟ್ಟಿದ್ದೀರಿ. ನಕ್ಕೆ, ಸುಳ್ಳು ಹೇಳಲ್ಲ. ನಾನೂ ಇಂಥದ್ದು ಮಾಡಿದವನೇ.

‘ಧೀರ’ ಅನ್ನುವ ಮಾತು 11 ಸಲ ಬಂದಿದೆ, ಎಣಿಸಿದೆ. ಆದರೆ ಅವರ ಕೆಲಸ ಹೋದದ್ದಕ್ಕೆ ಒಂದೇ ಸಾಲು: ‘ಸರ್ಕಾರ ಕಿರುಕುಳ ನೀಡಿತು.’ ಎಂಥ ಕಿರುಕುಳ? ಕಥೆ ಇರೋದೇ ಅಲ್ಲಿ, ಅಲ್ವಾ? 1949ರ ಕಾನೂನು ಬಂದ ಮೇಲೆ ಕಮ್ಯುನಿಸ್ಟ್ ಆಳ್ವಿಕೆಯ ಚೆಕೊಸ್ಲೊವಾಕಿಯಾದಲ್ಲಿ ಪಾದ್ರಿಗಳಿಗೆ ಸಂಬಳ ಕೊಡುತ್ತಿದ್ದುದು ಸರ್ಕಾರ. ಉಪದೇಶ ಮಾಡಲೂ ಸರ್ಕಾರದ ಒಪ್ಪಿಗೆ ಬೇಕಿತ್ತು. ಆ ಒಪ್ಪಿಗೆ ವಾಪಸ್ ತೆಗೆದುಕೊಂಡರೆ ಮುಗೀತು. ಪೊಲೀಸರೂ ಬೇಡ, ಕೋರ್ಟೂ ಬೇಡ. 70ರ ದಶಕದ ಶುರುವಿನಲ್ಲಿ ಕರಾಸೆಕ್‌ಗೆ ಹೀಗೇ ಆಯಿತು. ಪಾದ್ರಿ ಹೋಗಿ ಹೌಸ್ಕಾ ಅನ್ನುವ ಹಳೇ ಕೋಟೆಯ ಉಸ್ತುವಾರಿಗೆ ನಿಂತರು. ಇದನ್ನು ನೀವು ಬರೆದೇ ಇಲ್ಲ!

ಹಾಡಿನ ಭಾಗ ಚೆನ್ನಾಗಿದೆ. ಅಮೆರಿಕದ ಕಪ್ಪು ಜನರ ಭಕ್ತಿಗೀತೆಗಳ ಧಾಟಿಗೆ ಜೆಕ್ ಮಾತು ಕೂರಿಸಿ, ಗಿಟಾರ್ ಹಿಡಿದು ಹಾಡುವ ಪಾದ್ರಿ ಕಣ್ಣಿಗೆ ಕಟ್ಟುತ್ತಾರೆ. ಆದರೆ ಹೀಗೆ ಹಾಡಿದ್ದಕ್ಕೆ 1976ರಲ್ಲಿ ನಡೆದ ಕೋರ್ಟ್ ವಿಚಾರಣೆಯಲ್ಲಿ ಅವರ ಮೇಲಿದ್ದ ಆರೋಪ ದೇಶದ್ರೋಹ ಅಲ್ಲ, ಶಾಂತಿಭಂಗ. ಬೀದಿ ಜಗಳಕ್ಕೆ ಹಾಕುವಂಥ ಕೇಸು. ಅದಕ್ಕೆ 8 ತಿಂಗಳು ಜೈಲು. ‘ದೇಶದ್ರೋಹ’ ಅಂತ ಜಾಸ್ತಿ ಮಾಡಲು ಹೋಗಿ ನೀವು ಅದರ ಸಣ್ಣತನವನ್ನೇ ಮುಚ್ಚಿಬಿಟ್ಟಿರಿ. ಆ ವಿಚಾರಣೆ ನೋಡಿ ಕೆರಳಿದವರಲ್ಲಿ ನಾಟಕಕಾರ, ಮುಂದೆ ದೇಶದ ಅಧ್ಯಕ್ಷರಾದ ವಾಟ್ಸ್ಲಾವ್ ಹಾವೆಲ್ ಒಬ್ಬರು. ಮುಂದಿನ ಜನವರಿಯಲ್ಲಿ, ಮಾನವ ಹಕ್ಕುಗಳನ್ನು ಗೌರವಿಸಿ ಅಂತ ಸರ್ಕಾರವನ್ನು ಕೇಳುವ ಚಾರ್ಟರ್ 77 ಅನ್ನುವ ಹೇಳಿಕೆ ಹೊರಬಂತು. ಕರಾಸೆಕ್ ಅದಕ್ಕೂ ಸಹಿ ಹಾಕಿದರು, 1980ರಲ್ಲಿ ದೇಶ ಬಿಟ್ಟು ಸ್ವಿಟ್ಜರ್ಲೆಂಡಿಗೆ ಹೋಗಬೇಕಾಯಿತು.

ಜೈಲಿನಲ್ಲಿ ರಾತ್ರಿ ಅವರು ಕಣ್ಣೀರಿಟ್ಟದ್ದು ನಿಮಗೆ ಹೇಗೆ ಗೊತ್ತು? ತೆಗೆಯಿರಿ.

‘1942ರಲ್ಲಿ ಪ್ರಾಗ್‌ನಲ್ಲಿ ಜನಿಸಿದ ಇವರು’ ಅಂತ ಶುರು ಮಾಡಬೇಡಿ. ಒಪ್ಪಿಗೆ ಕಿತ್ತುಕೊಂಡಲ್ಲಿಂದ ಹಿಡಿಯಿರಿ. ಕಮಿಷನರ್ ಆದದ್ದನ್ನು ಕೊನೇ ಎರಡು ಸಾಲಿಗೆ ತಳ್ಳಿದ್ದೀರಿ, ಅದಕ್ಕೂ ಒಂದು ಪ್ಯಾರಾ ಕೊಡಿ. ಮತ್ತೆ, ಅವರ ಹೆಸರನ್ನು ಮೂರು ಥರ ಬರೆದಿದ್ದೀರಿ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.

ಇಂತಿ,
ಸಂಪಾದಕ