ಹ್ಯಾಂಕ್ ಹಾಡಿದ ಸಾಲುಗಳಲ್ಲಿ ಕ್ಯಾಸನೋವಾ ಫ್ಲೈ ಎಂಬ ಹೆಸರೇಕೆ?
1979ರ ‘ರ‍್ಯಾಪರ್ಸ್ ಡಿಲೈಟ್’ ಎಂಬ ರ‍್ಯಾಪ್ ಹಾಡಿನಲ್ಲಿ ಶುಗರ್‌ಹಿಲ್ ಗ್ಯಾಂಗ್ ತಂಡದ ಬಿಗ್ ಬ್ಯಾಂಕ್ ಹ್ಯಾಂಕ್ ತಮ್ಮದಲ್ಲದ ಹೆಸರನ್ನು ಅಕ್ಷರ ಬಿಡಿಸಿ ಹೇಳುವುದಕ್ಕೆ ಕಾರಣ, ಆ ಸಾಲುಗಳು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಅವರ ನೋಟ್‌ಬುಕ್ಕಿನಿಂದ ಬಂದವು. ಕ್ಯಾಸನೋವಾ ಫ್ಲೈ ಎಂಬುದು ಕ್ಯಾಝ್ ಅವರ ಹಳೆಯ ವೇದಿಕೆಯ ಹೆಸರು; ಪಿಜ್ಜಾ ಅಂಗಡಿಯಲ್ಲಿ ದುಡಿಯುತ್ತಿದ್ದ ಹ್ಯಾಂಕ್ ಅವರನ್ನು ಸಂಗೀತ ನಿರ್ಮಾಪಕಿ ಸಿಲ್ವಿಯಾ ರಾಬಿನ್‌ಸನ್ ಧ್ವನಿಮುದ್ರಣಕ್ಕೆ ಆರಿಸಿದಾಗ, ಹ್ಯಾಂಕ್ ಕ್ಯಾಝ್ ಅವರಿಂದ ಆ ಪುಸ್ತಕವನ್ನು ಪಡೆದು, ಹೆಸರನ್ನೂ ಬದಲಿಸದೆ ಹಾಡಿದರು.

ಕ್ಯಾಝ್ ಅವರ ಬಗ್ಗೆ ನೀವು ಬರೆಯುತ್ತಿರುವ ಲೇಖನದಲ್ಲಿ ಮೊದಲು, ಹೆಸರನ್ನು ಬಿಡಿಸಿ ಹೇಳುವ ಈ ಸಾಲನ್ನೇ ಸಾಕ್ಷ್ಯವಾಗಿ ಮುಂದಿಡಿ. ಅನಂತರ, ಹಾಡು ಜಗತ್ತನ್ನೆಲ್ಲ ಸುತ್ತಿದರೂ ರಚನಕಾರರ ಪಟ್ಟಿಯಲ್ಲಿ ಕ್ಯಾಝ್ ಅವರ ಹೆಸರು ಸೇರಲಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಬರೆಯಿರಿ. ಹ್ಯಾಂಕ್ ಹಾಡಿದ ಉಳಿದ ಸಾಲುಗಳಿಗೆ ಹೆಸರಿನಷ್ಟು ಗಟ್ಟಿಯಾದ ಗುರುತು ಇಲ್ಲದಿರುವುದರಿಂದ, ಅವುಗಳ ಬಗ್ಗೆ ‘ಕ್ಯಾಝ್ ಹೇಳುವಂತೆ’ ಎಂದೇ ಬರೆಯುವುದು ಸರಿ.

ಕೊನೆಯದಾಗಿ, ದಯವಿಟ್ಟು ಕ್ಯಾಝ್ ಅವರನ್ನು ಈ ಒಂದು ಅನ್ಯಾಯಕ್ಕೇ ಸೀಮಿತಗೊಳಿಸಬೇಡಿ. ಡಿಜೆಯೂ ಎಂಸಿಯೂ (ಮೈಕ್ ಹಿಡಿದು ಪ್ರಾಸ ಹಾಡುವವರು) ಆಗಿದ್ದ ಅವರು ಕೋಲ್ಡ್ ಕ್ರಷ್ ಬ್ರದರ್ಸ್ ತಂಡದ ಪ್ರಮುಖ ಸಾಹಿತ್ಯಕಾರರು. ‘ವೈಲ್ಡ್ ಸ್ಟೈಲ್’ ಚಿತ್ರದಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಅವರ ತಂಡವೂ ಇನ್ನೊಂದು ತಂಡವೂ ಪ್ರಾಸಕ್ಕೆ ಪ್ರಾಸ ಎಸೆಯುವ ದೃಶ್ಯವನ್ನು ನೋಡಿ, ಅಲ್ಲಿಂದಲೇ ಅವರ ಪರಿಚಯವನ್ನು ಆರಂಭಿಸಿ.